ಶಾಲೆಯ ಬ್ಯಾಂಡಿನಲ್ಲಿ ಡ್ರಮ್ ಬಾರಿಸುವುದರಿಂದ ನಾವು ಎಣಿಸಿರದ ಪ್ರಯೋಜನಗಳೇನಾದರೂ ಇವೆಯೇ?

ಬಟವಾಡಿಯ ತಾಯಿ, ತುಮಕೂರು

ಎಲ್ಲರಿಗೂ ನಮಸ್ಕಾರ. ನನ್ನ ಮಗಳು ಇಲ್ಲಿಯ ಒಂದು ಪ್ರೌಢಶಾಲೆಯಲ್ಲಿ ಎಂಟನೆಯ ತರಗತಿ ಓದುತ್ತಿದ್ದಾಳೆ. ಶಾಲೆ ಆರಂಭವಾದ ಎರಡನೆಯ ವಾರದಲ್ಲಿ ದೈಹಿಕ ಶಿಕ್ಷಕರು ಅವಳನ್ನು ಬ್ಯಾಂಡ್ ತಂಡಕ್ಕೆ ಆರಿಸಿಕೊಂಡು, ಸೈಡ್ ಡ್ರಮ್ಮಿನ ಎರಡು ಕೋಲುಗಳನ್ನು ಕೊಟ್ಟು ಕಳುಹಿಸಿದರು. ಡ್ರಮ್ಮು ಶಾಲೆಯಲ್ಲಿಯೇ ಇರುವುದರಿಂದ ಮನೆಯಲ್ಲಿ ಅವಳು ಊಟದ ಮಣೆಗೆ ಹಳೆಯ ಸೈಕಲ್ ಟ್ಯೂಬನ್ನು ಬಿಗಿದು ಅದರ ಮೇಲೆ ಬೆಳಿಗ್ಗೆ ಸಂಜೆ ಅಭ್ಯಾಸ ಮಾಡುತ್ತಾಳೆ.

ಮನೆಯಲ್ಲಿ ಈ ವಿಷಯಕ್ಕೆ ಒಮ್ಮತವಿಲ್ಲ. ನಮ್ಮ ಯಜಮಾನರು ಭೂಮಾಪನ ಇಲಾಖೆಯಲ್ಲಿ ಕೆಲಸ ಮಾಡುವವರು. ಅಳತೆಗೆ ಸಿಗದ ಲಾಭವನ್ನು ನಂಬುವ ಸ್ವಭಾವ ಅವರದಲ್ಲ. ಎಸ್‌ಎಸ್‌ಎಲ್‌ಸಿಗೆ ಹೆಚ್ಚು ಕಾಲ ಉಳಿದಿಲ್ಲದಿರುವಾಗ ದಿನಕ್ಕೊಂದು ಗಂಟೆ ಕವಾಯತಿನಲ್ಲಿ ಕಳೆದರೆ ಗಣಿತದ ಗತಿಯೇನು ಎಂಬುದು ಅವರ ಪ್ರಶ್ನೆ. ಅತ್ತೆಯವರ ಆಕ್ಷೇಪವೇ ಬೇರೆ. ವಯಸ್ಸಿಗೆ ಬರುತ್ತಿರುವ ಹುಡುಗಿ ಹೆಗಲಿಗೆ ಡೋಲು ಹಾಕಿಕೊಂಡು ಬೀದಿಯಲ್ಲಿ ಬಾರಿಸುತ್ತಾ ಹೋಗುವುದು ಅವರಿಗೆ ಸರಿ ಕಾಣುವುದಿಲ್ಲ. ನಾನು ಶಾಲೆಗೆ ಹೋಗಿ ವಿಚಾರಿಸಿದಾಗ ಶಿಕ್ಷಕರು ಶಿಸ್ತು, ಒಗ್ಗಟ್ಟು, ದೇಶಪ್ರೇಮ ಎಂದರು. ಆ ಮೂರು ಮಾತುಗಳನ್ನು ನಾನು ಪ್ರತಿಯೊಂದು ಧ್ವಜವಂದನೆಯ ಭಾಷಣದಲ್ಲಿಯೂ ಕೇಳಿದ್ದೇನೆ. ಅವುಗಳಿಂದ ನಮ್ಮ ಮನೆಯ ತಕರಾರು ಬಗೆಹರಿಯುವಂತಿಲ್ಲ.

ನೀವು ಚಿಕ್ಕಂದಿನಲ್ಲಿ ಬ್ಯಾಂಡಿನಲ್ಲಿ ಇದ್ದವರಾದರೆ, ಸೇರುವಾಗ ನೀವು ಎಣಿಸಿರದೆ ಆಮೇಲೆ ಎಂದೋ ಕೈಗೆ ಬಂದ ಪ್ರಯೋಜನ ಯಾವುದು ಎಂಬುದನ್ನು ದಯವಿಟ್ಟು ತಿಳಿಸಿ. ಪ್ರಯೋಜನ ಆಗಲೇ ಇಲ್ಲ ಎನ್ನುವವರಿದ್ದರೆ ಅದನ್ನೂ ಸಂಕೋಚವಿಲ್ಲದೆ ಬರೆಯಿರಿ.

ನಿವೃತ್ತ ದೈಹಿಕ ಶಿಕ್ಷಕ, ಶ್ರೀನಿವಾಸಪುರ

ಅಮ್ಮಾ, ಕೋಲಾರ ಜಿಲ್ಲೆಯ ಹಲವು ಪ್ರೌಢಶಾಲೆಗಳಲ್ಲಿ ಮಕ್ಕಳಿಗೆ ಬ್ಯಾಂಡ್ ಕಲಿಸಿ ನಿವೃತ್ತನಾದವನು ನಾನು. ಶಿಸ್ತು, ಒಗ್ಗಟ್ಟು ಎಂಬ ಉತ್ತರವನ್ನು ನಾನೂ ಎಷ್ಟೋ ಪೋಷಕರಿಗೆ ಕೊಟ್ಟು ಕಳುಹಿಸಿದ್ದೇನೆಂದು ಈಗ ಒಪ್ಪಿಕೊಳ್ಳುತ್ತೇನೆ. ಅದು ಸುಳ್ಳಲ್ಲ; ಆದರೆ ಅದು ಸಮವಸ್ತ್ರ ತೊಟ್ಟ ಉತ್ತರ.

ನಿಮ್ಮ ಯಜಮಾನರು ಅಳತೆಯನ್ನು ನಂಬುವವರೆಂದಿರಿ. ಹಾಗಾದರೆ ಅಳತೆಯಿಂದಲೇ ಆರಂಭಿಸುತ್ತೇನೆ. ಪಥಸಂಚಲನದ ತೇಜ್ ಚಲ್ ನಡಿಗೆಯಲ್ಲಿ ನಿಮಿಷಕ್ಕೆ ಸುಮಾರು 120 ಹೆಜ್ಜೆಗಳು, ಅಂದರೆ ಅರ್ಧ ಸೆಕೆಂಡಿಗೊಂದು ಹೆಜ್ಜೆ. ಬೇಸ್ ಡ್ರಮ್ಮಿನ ಗಟ್ಟಿ ಏಟು ಎಡಗಾಲಿಗೆ ಬೀಳಬೇಕು. ಶಬ್ದವು ಗಾಳಿಯಲ್ಲಿ ಸೆಕೆಂಡಿಗೆ ಸುಮಾರು 340 ಮೀಟರ್ ಸಾಗುತ್ತದೆ. ಬ್ಯಾಂಡಿನಿಂದ 170 ಮೀಟರ್ ಹಿಂದೆ ನಡೆಯುತ್ತಿರುವ ತುಕಡಿಗೆ ಆ ಏಟು ಅರ್ಧ ಸೆಕೆಂಡು ತಡವಾಗಿ ಕೇಳಿಸುತ್ತದೆ. ಕೇಳಿಸಿದ ಏಟಿಗೇ ಅವರು ಎಡಗಾಲು ಇಟ್ಟರೆ, ಅದೇ ಕ್ಷಣದಲ್ಲಿ ಬ್ಯಾಂಡಿನವರು ಬಲಗಾಲು ಇಡುತ್ತಿರುತ್ತಾರೆ. ವೇದಿಕೆಯ ಮೇಲಿರುವ ಅತಿಥಿಗಳು ಇದನ್ನು ನೋಡಿ ಹಿಂದಿನ ಶಾಲೆಯವರಿಗೆ ಅಭ್ಯಾಸ ಸಾಲದು ಎಂದುಕೊಳ್ಳುತ್ತಾರೆ. ಪಾಪ, ಆ ಮಕ್ಕಳು ತಮ್ಮ ಕಿವಿಗೆ ವಿಧೇಯರಾಗಿ ನಡೆದಿರುತ್ತಾರೆ, ಅಷ್ಟೇ.

ಇದೇ ಕಾರಣಕ್ಕೆ ಬ್ಯಾಂಡಿನವರಿಗೆ ಮೊದಲು ಕಲಿಸುವುದು ಕಿವಿಗಿಂತ ಕಣ್ಣನ್ನು ನಂಬಬೇಕೆಂದು. ಮುಂದೆ ನಡೆಯುವ ಡ್ರಮ್ ಮೇಜರ್ ಕೈಯಲ್ಲಿರುವ ದಂಡವು ಏರುವುದನ್ನೂ ಇಳಿಯುವುದನ್ನೂ ನೋಡುತ್ತಾ ತಾಳ ಹಿಡಿಯಬೇಕು. ಅದೇ ಹೊತ್ತಿಗೆ ಕಣ್ಣಂಚಿನಲ್ಲಿ ಬಲಗಡೆಯವರ ಭುಜವನ್ನು ನೋಡಿಕೊಂಡು ಸಾಲು ನೇರ ಇಟ್ಟುಕೊಳ್ಳಬೇಕು. ಕೈ ತನ್ನ ಏಟುಗಳನ್ನು, ಕಾಲು ತನ್ನ ಹೆಜ್ಜೆಗಳನ್ನು ತಪ್ಪದೆ ನಡೆಸುತ್ತಿರಬೇಕು. ಒಂಬತ್ತನೆಯ ತರಗತಿಯ ವಿಜ್ಞಾನದಲ್ಲಿ ಶಬ್ದದ ಪಾಠ ಬಂದಾಗ ನನ್ನ ಬ್ಯಾಂಡಿನ ಮಕ್ಕಳು ಶಬ್ದದ ವೇಗವನ್ನು ಬಾಯಿಪಾಠ ಮಾಡಬೇಕಾಗಿರಲಿಲ್ಲ, ಏಕೆಂದರೆ ಮೈದಾನದಲ್ಲಿ ಅದರಿಂದಾಗಿ ನನ್ನ ಬೈಗುಳವನ್ನು ತಿಂದಿದ್ದರು.

ಇನ್ನೊಂದು ಸಂಗತಿ ನನಗೆ ಕಲಿಸಲು ಶುರುಮಾಡಿ ಹತ್ತು ವರ್ಷವಾದ ಮೇಲೆ ತಿಳಿಯಿತು. ತರಗತಿಯಲ್ಲಿ ಮಗುವೊಂದು ತಪ್ಪು ಉತ್ತರ ಕೊಟ್ಟರೆ ಪಾಠ ನಿಲ್ಲುತ್ತದೆ, ಎಲ್ಲರೂ ತಿರುಗಿ ನೋಡುತ್ತಾರೆ, ಮಗು ಕುಗ್ಗುತ್ತದೆ. ಬ್ಯಾಂಡಿನಲ್ಲಿ ತಪ್ಪಿದವರಿಗಾಗಿ ಯಾರೂ ನಿಲ್ಲುವುದಿಲ್ಲ. ಹೆಜ್ಜೆ ತಪ್ಪಿದರೆ ಅಳುವುದಕ್ಕೂ ನಾಚುವುದಕ್ಕೂ ಸಮಯವಿರುವುದಿಲ್ಲ. ಒಂದು ಚಿಕ್ಕ ಹೆಜ್ಜೆ ಹಾಕಿ ಕಾಲು ಬದಲಿಸಿಕೊಂಡು ಮತ್ತೆ ಸೇರಿಕೊಳ್ಳಬೇಕು. ಕವಾಯತಿನಲ್ಲಿ ಇದಕ್ಕೊಂದು ಆಜ್ಞೆಯೇ ಇದೆ, ಕದಮ್ ಬದಲ್ ಎಂದು. ಗಣಿತದ ಪರೀಕ್ಷೆಯಲ್ಲಿ ಮೂರನೆಯ ಲೆಕ್ಕ ಬಾರದೆ ಹೋದಾಗ ಅಲ್ಲಿಯೇ ಕುಸಿದು ಕೂರದೆ ನಾಲ್ಕನೆಯದಕ್ಕೆ ಹೋಗುವ ಮಕ್ಕಳು ನನ್ನ ತಂಡದಲ್ಲಿ ಹೆಚ್ಚಾಗಿದ್ದರೆಂದು ಗಣಿತದ ಮೇಷ್ಟ್ರೊಬ್ಬರು ನನಗೆ ಹೇಳಿದ್ದರು. ಅವರು ಲೆಕ್ಕ ಇಟ್ಟು ಹೇಳಿದ್ದಲ್ಲ, ಆದ್ದರಿಂದ ಇದನ್ನು ನಿಮ್ಮ ಯಜಮಾನರ ಮುಂದೆ ಸಾಕ್ಷಿಯಾಗಿ ಇಡಬೇಡಿ.

ಕೈಗೆ ಸಿಂಬಲ್ಸ್ ಎಂಬ ದೊಡ್ಡ ತಾಳಗಳು ಬಂದ ಮಗುವಿನ ಕಥೆ ಇನ್ನೂ ಸ್ವಾರಸ್ಯವಾದದ್ದು. ಸೈಡ್ ಡ್ರಮ್ಮಿನವರು ಎಡೆಬಿಡದೆ ಬಾರಿಸುತ್ತಿರುವಾಗ ಆ ಮಗು ಎಣಿಸುತ್ತಾ ನಡೆದು, ಹದಿನಾರನೆಯ ಎಣಿಕೆಗೆ ಒಂದೇ ಒಂದು ಏಟು ಹೊಡೆಯಬೇಕು. ಹದಿನೈದಕ್ಕೆ ಹೊಡೆದರೆ ಊರಿಗೆಲ್ಲಾ ಕೇಳಿಸುತ್ತದೆ. ಮಾತು ಹೆಚ್ಚಾದ ಮಕ್ಕಳನ್ನು ನಾನು ಬೇಕೆಂದೇ ಆ ಜಾಗಕ್ಕೆ ಹಾಕುತ್ತಿದ್ದೆ. ಹಾಗೆಯೇ ಕಬಡ್ಡಿಗೂ ಖೋಖೋಗೂ ಯಾರೂ ಕರೆಯದೆ ಗೋಡೆಗೆ ಒರಗಿ ನಿಲ್ಲುತ್ತಿದ್ದ ಮಕ್ಕಳು ಕೊನೆಗೆ ನನ್ನ ಬ್ಯಾಂಡಿಗೆ ಬರುತ್ತಿದ್ದರು. ಬ್ಯಾಂಡಿನಲ್ಲಿ ಮೀಸಲು ಆಟಗಾರರ ಬೆಂಚು ಇರುವುದಿಲ್ಲವೆಂಬುದು ಅವರಿಗೆ ದೊಡ್ಡ ವಿಷಯವಾಗಿತ್ತು.

ಕೋಲಾರದ ಮಂಡಿಯವನು

ಮೇಷ್ಟ್ರು ಹೇಳಿದಷ್ಟು ಚೆನ್ನಾಗಿ ಹೇಳಲು ನನಗೆ ಬರುವುದಿಲ್ಲವಾದರೂ, ನನ್ನ ಅನ್ನವೇ ಬ್ಯಾಂಡಿನಿಂದ ನಡೆಯುತ್ತಿರುವುದರಿಂದ ಬರೆಯುತ್ತಿದ್ದೇನೆ. ನಾನು ಬ್ಯಾಂಡ್ ನುಡಿಸುವವನಲ್ಲ. ಕೋಲಾರದ ಎಪಿಎಂಸಿ ಮಾರುಕಟ್ಟೆಯ ಒಂದು ಮಂಡಿಯಲ್ಲಿ ಟೊಮೆಟೊ ಹರಾಜು ಕೂಗುತ್ತೇನೆ.

ಎಂಟರಿಂದ ಹತ್ತನೆಯ ತರಗತಿಯವರೆಗೆ ನಾನು ಶಾಲೆಯಲ್ಲಿ ಬ್ಯೂಗಲ್ ಊದುತ್ತಿದ್ದೆ. ಆ ವಾದ್ಯಕ್ಕೆ ಒತ್ತುವ ಗುಂಡಿಗಳೂ ಇಲ್ಲ, ಮುಚ್ಚುವ ತೂತುಗಳೂ ಇಲ್ಲ. ಕೊಳವೆ ಒಂದೇ, ಸ್ವರ ಬದಲಾಗಬೇಕಾದರೆ ತುಟಿಯ ಬಿಗಿತ ಮತ್ತು ಉಸಿರಿನ ಒತ್ತಡ ಬದಲಾಗಬೇಕು. ಸಂಗೀತ ಬಲ್ಲ ನನ್ನ ಸೋದರಮಾವ ಒಮ್ಮೆ ಕೇಳಿ, ನಿನ್ನ ಕಹಳೆಯ ಕರೆಗಳಲ್ಲಿ ಇರುವುದು ಸ, ಪ, ಮೇಲಿನ ಸ, ಅದರ ಮೇಲಿನ ಗ ಮತ್ತು ಪ, ಇಷ್ಟೇ ಎಂದು ತೋರಿಸಿಕೊಟ್ಟರು. ರಿಷಭ, ಮಧ್ಯಮ ಬೇಕೆಂದು ಎಷ್ಟು ತಿಣುಕಿದರೂ ಆ ಎತ್ತರದಲ್ಲಿ ಅದು ಕೊಡುವುದಿಲ್ಲ. ಮೊದಲ ಎರಡು ತಿಂಗಳು ನನಗೆ ಯಾವ ಸ್ವರವೂ ಬರಲಿಲ್ಲ, ಎಮ್ಮೆ ಕೂಗಿದಂತಹ ಸದ್ದು ಮಾತ್ರ ಬರುತ್ತಿತ್ತು, ತುಟಿ ಬಾತುಕೊಳ್ಳುತ್ತಿತ್ತು. ಆಮೇಲೆ ಗಂಟಲನ್ನು ಸಡಿಲ ಬಿಟ್ಟು ಹೊಟ್ಟೆಯಿಂದ ಉಸಿರು ತಳ್ಳುವುದು ಹೇಗೆಂದು ಮೈಗೆ ತಿಳಿಯಿತು. ತಲೆಗೆ ತಿಳಿದಿದ್ದಲ್ಲ, ಮೈಗೇ ತಿಳಿದದ್ದು.

ಹರಾಜಿನ ಕೆಲಸಕ್ಕೆ ಸೇರಿದಾಗ ಅದರ ಬೆಲೆ ಗೊತ್ತಾಯಿತು. ಹದಿನೈದು ಕೆ.ಜಿ.ಯ ಬಾಕ್ಸುಗಳ ಸಾಲುಗಳ ನಡುವೆ ನಿಂತು, ಲಾರಿಗಳ ಸದ್ದು, ಹಮಾಲರ ಕೂಗು, ಪಕ್ಕದ ಮಂಡಿಯ ಹರಾಜು ಇವೆಲ್ಲದರ ಮೇಲೆ ದರ ಕೇಳಿಸುವಂತೆ ಗಂಟೆಗಟ್ಟಲೆ ಕೂಗಬೇಕು. ಗಂಟಲಿನಿಂದ ಕೂಗುವವರ ದನಿ ಹಂಗಾಮು ಏರಿದ ಮೊದಲ ವಾರದಲ್ಲಿಯೇ ಬಿದ್ದುಹೋಗುತ್ತದೆ. ಬಿಸಿನೀರು, ಜ್ಯೇಷ್ಠಮಧು ಎಂದು ಒದ್ದಾಡುತ್ತಾರೆ. ನನ್ನ ದನಿ ಮಧ್ಯಾಹ್ನ ಮನೆಗೆ ಹೋಗಿ ಮಕ್ಕಳನ್ನು ಗದರಿಸುವುದಕ್ಕೂ ಮಿಗುತ್ತದೆ. ಉಸಿರು ಎಲ್ಲಿ ತೆಗೆದುಕೊಳ್ಳಬೇಕು, ಎಷ್ಟನ್ನು ಉಳಿಸಿಕೊಳ್ಳಬೇಕು ಎಂಬ ಲೆಕ್ಕವನ್ನು ಯಾವ ಮಂಡಿಯವರೂ ನನಗೆ ಹೇಳಿಕೊಟ್ಟಿರಲಿಲ್ಲ.

ಇನ್ನೊಂದು ಮಾತನ್ನು ಬರೆಯಬೇಕೋ ಬೇಡವೋ ಎಂದು ಯೋಚಿಸಿ ಬರೆಯುತ್ತಿದ್ದೇನೆ. ನಮ್ಮ ಊರಿನ ಕೊಳವೆಬಾವಿಯ ನೀರಿನಲ್ಲಿ ಫ್ಲೋರೈಡ್ ಹೆಚ್ಚು. ಈ ಕಡೆಯ ಎಷ್ಟೋ ಹಳ್ಳಿಗಳ ಮಕ್ಕಳಂತೆ ನನ್ನ ಹಲ್ಲುಗಳೂ ಕಂದುಬಣ್ಣ. ನಗುವಾಗ, ಮಾತಾಡುವಾಗ ಬಾಯಿಗೆ ಕೈ ಅಡ್ಡ ಇಡುವುದು ನನಗೆ ಉಸಿರಾಟದಷ್ಟೇ ಸಹಜವಾಗಿತ್ತು. ಬ್ಯೂಗಲ್ ಊದುವವನಿಗೆ ಒಂದು ಕೈಯಲ್ಲಿ ವಾದ್ಯ, ಇನ್ನೊಂದು ಕೈ ತೊಡೆಯ ಪಕ್ಕದಲ್ಲಿ ನೇರ ಇರಬೇಕು. ಊದಿ ಇಳಿಸಿದ ಮೇಲೂ ಗದ್ದ ಎತ್ತಿಯೇ ನಿಲ್ಲಬೇಕು. ಮೂರು ವರ್ಷ ಹಾಗೆ ನಿಂತ ಮೇಲೆ ಆ ಕೈ ಬಾಯಿಗೆ ಹೋಗುವುದನ್ನು ಮರೆತುಬಿಟ್ಟಿತು. ಮರೆತದ್ದು ಯಾವಾಗ ಎಂದು ನನಗೂ ಗೊತ್ತಿಲ್ಲ. ನಮ್ಮ ಅಕ್ಕ ಒಮ್ಮೆ ಹೇಳಿದಾಗಲೇ ಗಮನಕ್ಕೆ ಬಂದದ್ದು.

ಆಡಿಯಾಲಜಿಸ್ಟ್, ತಿಪಟೂರು

ಮೇಲಿನ ಎರಡು ಉತ್ತರಗಳನ್ನೂ ಸಂತೋಷದಿಂದ ಓದಿದೆ. ಆದರೆ ಕಿವಿಯ ಪರೀಕ್ಷೆ ಮಾಡುವ ವೃತ್ತಿಯಲ್ಲಿರುವವಳಾಗಿ, ಹಾಗೂ ಒಂದು ಕಾಲದಲ್ಲಿ ಸೈಡ್ ಡ್ರಮ್ ಬಾರಿಸಿದವಳಾಗಿ, ಇನ್ನೊಂದು ಮುಖವನ್ನೂ ಹೇಳದಿದ್ದರೆ ತಪ್ಪಾಗುತ್ತದೆ.

ದಿನಕ್ಕೆ 85 ಡೆಸಿಬೆಲ್ ಸದ್ದನ್ನು ಎಂಟು ಗಂಟೆಗಳವರೆಗೆ ಕೇಳಬಹುದು ಎಂಬುದು ಕೆಲಸದ ಸ್ಥಳಗಳಿಗೆ ವ್ಯಾಪಕವಾಗಿ ಬಳಸುವ ಒಂದು ಮಿತಿ. ಅಲ್ಲಿಂದ ಮೂರು ಡೆಸಿಬೆಲ್ ಏರಿದಂತೆಲ್ಲ ಸುರಕ್ಷಿತ ಅವಧಿ ಅರ್ಧವಾಗುತ್ತಾ ಹೋಗುತ್ತದೆ. 100 ಡೆಸಿಬೆಲ್ ತಲುಪುವ ವೇಳೆಗೆ ಉಳಿಯುವುದು ಹದಿನೈದೇ ನಿಮಿಷ. ಹತ್ತಾರು ಸೈಡ್ ಡ್ರಮ್ಮುಗಳು ಒಟ್ಟಿಗೆ ಮೊಳಗುವಾಗ ನಡುವೆ ಇರುವ ಮಗುವಿನ ಕಿವಿಗೆ ಈ ಮಟ್ಟ ಮುಟ್ಟುವುದು ಕಷ್ಟವೇನಲ್ಲ, ಅದರಲ್ಲಿಯೂ ಮಳೆ ಬಂತೆಂದು ತಗಡಿನ ಸೂರಿನ ಸಭಾಂಗಣದೊಳಗೆ ಅಭ್ಯಾಸ ನಡೆಸಿದರೆ. ನಿಮ್ಮ ಮಗಳಿಗೆ ಔಷಧದ ಅಂಗಡಿಯಲ್ಲಿ ಸಿಗುವ ಸ್ಪಂಜಿನಂತಹ ಇಯರ್ ಪ್ಲಗ್ ಕೊಡಿಸಿ; ಬರಿಯ ಹತ್ತಿ ತುರುಕಿಕೊಂಡರೆ ಹೇಳಿಕೊಳ್ಳುವಂತಹ ರಕ್ಷಣೆ ಸಿಗುವುದಿಲ್ಲ. ಅಭ್ಯಾಸ ಮುಗಿದ ಮೇಲೆ ಕಿವಿಯಲ್ಲಿ ಗುಂಯ್ ಎಂಬ ಸದ್ದು ಉಳಿದರೆ ಅದನ್ನು ದಣಿವೆಂದು ತಳ್ಳಿಹಾಕಬೇಡಿ.

ನನ್ನ ದೂರು ವಾದ್ಯದ ಮೇಲಲ್ಲ, ಅದನ್ನು ಬಳಸಿಕೊಳ್ಳುವ ದೊಡ್ಡವರ ಮೇಲೆ. ನಾನು ಓದಿದ ಶಾಲೆಯಲ್ಲಿ ಯಾವ ಅತಿಥಿ ಬಂದರೂ ಗೇಟಿನಲ್ಲಿ ಬ್ಯಾಂಡ್ ನಿಲ್ಲಿಸುತ್ತಿದ್ದರು. ಹತ್ತು ಗಂಟೆಗೆ ಬರಬೇಕಾದವರು ಒಂದೂವರೆಗೆ ಬಂದರೂ ನಾವು ಬಿಸಿಲಿನಲ್ಲಿ ಡ್ರಮ್ಮು ಹೊತ್ತು ನಿಂತಿರಬೇಕಾಗಿತ್ತು. ಹೀಗೆ ನಿಂತಿದ್ದಾಗ ನಾನೇ ಒಮ್ಮೆ ಕಣ್ಣು ಕತ್ತಲಿಟ್ಟು ಬಿದ್ದಿದ್ದೇನೆ. ಮಗಳು ಬ್ಯಾಂಡಿಗೆ ಸೇರಲಿ, ಆದರೆ ಸ್ವಾಗತದ ಕಾರ್ಯಕ್ರಮಗಳಿಗೆ ಎಷ್ಟು ಹೊತ್ತು ನಿಲ್ಲಿಸುತ್ತೀರಿ, ನೀರು ಕೊಡುತ್ತೀರಾ ಎಂದು ಶಾಲೆಯವರನ್ನು ಮೊದಲೇ ಕೇಳಿಕೊಳ್ಳಿ.

ಇಷ್ಟು ಹೇಳಿದ ಮೇಲೆ ನಿಮ್ಮ ಪ್ರಶ್ನೆಗೂ ಉತ್ತರಿಸಬೇಕಲ್ಲವೇ? ಹದಿಮೂರು ಹದಿನಾಲ್ಕರ ವಯಸ್ಸಿನಲ್ಲಿ ನಾನೂ ನನ್ನ ಗೆಳತಿಯರೂ ಪುಸ್ತಕಗಳನ್ನು ಎದೆಗೆ ಅವುಚಿಕೊಂಡು, ಬೆನ್ನು ಬಾಗಿಸಿ, ನೆಲ ನೋಡುತ್ತಾ ನಡೆಯುತ್ತಿದ್ದೆವು. ಡ್ರಮ್ಮಿನ ಪಟ್ಟಿಯನ್ನು ಹೆಗಲಿಗೇರಿಸಿ ಹಾಗೆ ಬಾಗಿ ನಡೆದರೆ ವಾದ್ಯ ಮೊಣಕಾಲಿಗೆ ಬಡಿಯುತ್ತದೆ. ಎದೆ ಎತ್ತಿ ನಡೆ ಎಂದು ನಮಗೆ ಯಾರೂ ಉಪದೇಶ ಮಾಡಬೇಕಾಗಿ ಬರಲಿಲ್ಲ. ಮೊಣಕಾಲಿನ ನೋವೇ ಹೇಳಿಕೊಟ್ಟಿತು. ಬಲಗೈಯವಳಾದ ನನಗೆ ಎಡಗೈಗೂ ಬುದ್ಧಿ ಬಂದದ್ದು ಆಗಲೇ. ಇಂದಿಗೂ ಚಿಕ್ಕ ಮಕ್ಕಳ ಕಿವಿ ನೋಡುವಾಗ ಎರಡು ಕೈಗಳೂ ಸಮನಾಗಿ ಒದಗುತ್ತವೆ.

ಚಿಂತಾಮಣಿ ತಾಲ್ಲೂಕಿನವನು

ಅಜ್ಜಿಯವರ ಆಕ್ಷೇಪಕ್ಕೆ ಯಾರೂ ಉತ್ತರಿಸಲಿಲ್ಲವಾದ್ದರಿಂದ ನಾನು ಬರೆಯುತ್ತೇನೆ. ಬೀದಿಯಲ್ಲಿ ಡೋಲು ಬಾರಿಸುವುದು ಸರಿ ಕಾಣುವುದಿಲ್ಲ ಎಂಬ ಮಾತಿನ ಹಿಂದೆ ಏನಿದೆ ಎಂದು ನಮ್ಮ ಮನೆಯವರಿಗೆ ಚೆನ್ನಾಗಿ ಗೊತ್ತು. ಅಜ್ಜಿಯವರನ್ನು ದೂರುವುದಕ್ಕಾಗಿ ಇದನ್ನು ಹೇಳುತ್ತಿಲ್ಲ.

ನಮ್ಮ ತಾತ ಊರಿನ ತಮಟೆಯವರು. ಜಾತ್ರೆಗೂ ಅವರೇ, ಸಾವಿಗೂ ಅವರೇ, ಡಂಗುರಕ್ಕೂ ಅವರೇ. ಕರೆದಾಗ ಹೋಗಲೇಬೇಕಾಗಿತ್ತು, ಬಾರಿಸುವಾಗ ಎಲ್ಲರಿಗಿಂತ ಮುಂದೆ, ಊಟಕ್ಕೆ ಎಲ್ಲರಿಗಿಂತ ಹಿಂದೆ, ಅದೂ ಅಂಗಳದ ಆಚೆ. ನಮ್ಮ ತಂದೆ ಇದನ್ನು ನೋಡಿ ರೋಸಿಹೋಗಿ, ತಮ್ಮ ಮಕ್ಕಳು ಚರ್ಮದ ವಾದ್ಯ ಮುಟ್ಟಕೂಡದೆಂದು ಕಟ್ಟುನಿಟ್ಟು ಮಾಡಿದ್ದರು. ಅವರ ನಿರ್ಧಾರ ತಪ್ಪೆಂದು ನಾನು ಇಂದಿಗೂ ಹೇಳಲಾರೆ.

ಪ್ರೌಢಶಾಲೆಯಲ್ಲಿ ಬ್ಯಾಂಡಿಗೆ ಆಯ್ಕೆ ನಡೆದಾಗ, ಮೇಷ್ಟ್ರು ಬಾರಿಸಿ ತೋರಿಸಿದ ಏಟುಗಳನ್ನು ನಾನು ಒಂದೇ ಸಲಕ್ಕೆ ಹಾಗೆಯೇ ಬಾರಿಸಿದೆ. ಎಲ್ಲಿ ಕಲಿತೆ ಎಂದು ಕೇಳಿದರು. ಎಲ್ಲಿಯೂ ಇಲ್ಲ ಎಂದೆ. ಕೈಗೆ ಗೊತ್ತಿದ್ದದ್ದನ್ನು ಬಾಯಿ ಮುಚ್ಚಿಟ್ಟಿತು. ಬಿಳಿಯ ಕೈಗವಸು, ಕೆಂಪು ಪಟ್ಟಿ, ಹೊಳೆಯುವ ಡ್ರಮ್ಮು. ಅದೇ ಬೀದಿಯಲ್ಲಿ ಬಾರಿಸುತ್ತಾ ಹೋದಾಗ ಜನ ಪಕ್ಕಕ್ಕೆ ಸರಿದು ನಿಂತು ನೋಡಿದರು. ಸರಿದದ್ದು ಮೊದಲೂ ಉಂಟು, ಆದರೆ ಆ ಸರಿಯುವಿಕೆ ಬೇರೆ.

ನಾನು ಎಣಿಸಿರದ ಲಾಭ ಬಂದದ್ದು ಮನೆಯಲ್ಲಿ. ಏಟುಗಳು ಒಂದರ ಹಿಂದೊಂದು ಬಿಡುವಿಲ್ಲದೆ ಉರುಳುವಂತೆ ಬಾರಿಸುವ ಒಂದು ಕಠಿಣವಾದ ವರಸೆ ನನ್ನ ಕೈಗೆ ಹತ್ತದೆ ಹೋದಾಗ, ತಂದೆಯವರು ಇಲ್ಲದ ಹೊತ್ತು ನೋಡಿ ತಾತನ ಹತ್ತಿರ ಹೋಗಿ ಕೇಳಿದೆ. ತಮಟೆಗೆ ಒಂದು ಕೈಯಲ್ಲಿ ದಪ್ಪನೆಯ ಗಿಡ್ಡ ಕೋಲು, ಇನ್ನೊಂದರಲ್ಲಿ ತೆಳ್ಳಗಿನ ಉದ್ದ ಕಡ್ಡಿ. ಸೈಡ್ ಡ್ರಮ್ಮಿಗೆ ಎರಡೂ ಸಮನಾದ ಕೋಲುಗಳು. ಅವರು ನನ್ನ ಕೋಲುಗಳನ್ನು ತಿರುಗಿಸಿ ನೋಡಿ, ಇದರಲ್ಲಿ ಎರಡು ಕೈಗೂ ಒಂದೇ ಮಾತು ಬರುತ್ತದಲ್ಲಾ ಎಂದು ನಕ್ಕು, ಕೈಯಿಂದ ಏಟು ಹಾಕದೆ ಕೋಲನ್ನು ತಾನಾಗಿ ಪುಟಿಯಲು ಬಿಡುವುದು ಹೇಗೆಂದು ಮಣ್ಣಿನ ನೆಲದ ಮೇಲೆ ತೋರಿಸಿದರು. ಜನವರಿ 26ರಂದು ತಾಲ್ಲೂಕಿನ ಮೈದಾನಕ್ಕೆ ಬಂದು ದೂರದಲ್ಲಿ ನಿಂತು ನೋಡಿದರು. ಮನೆಗೆ ಬಂದು ಅವರು ಹೇಳಿದ್ದು ಇಷ್ಟೇ: ಹೆಜ್ಜೆ ಚೆನ್ನಾಗಿದೆ, ಏಟು ಬಡವಾಗಿದೆ. ಆ ಮೇಲೆ ಅವರಿರುವವರೆಗೂ ನಾನು ಅವರಿಂದ ತಮಟೆಯನ್ನೇ ಕಲಿತೆ. ತಂದೆಯವರು ಕಂಡೂ ಕಾಣದಂತೆ ಇದ್ದುಬಿಟ್ಟರು.

ನಮ್ಮ ಚಿಕ್ಕಬಳ್ಳಾಪುರ ಜಿಲ್ಲೆಯ ಪಿಂಡಿಪಾಪನಹಳ್ಳಿಯ ತಮಟೆ ಕಲಾವಿದರಾದ ಮುನಿವೆಂಕಟಪ್ಪನವರಿಗೆ 2023ರಲ್ಲಿ ಪದ್ಮಶ್ರೀ ಬಂದಿತು. ನಮ್ಮ ತಾತ ಅದನ್ನು ನೋಡಲು ಇರಲಿಲ್ಲ. ಅಜ್ಜಿಯವರಿಗೆ ಈ ಸಂಗತಿಯನ್ನು ಹೇಳಿ ನೋಡಿ, ಕೇಳಿಸಿಕೊಂಡರೆ ಸಂತೋಷ.

ನಿವೃತ್ತ ದೈಹಿಕ ಶಿಕ್ಷಕ, ಶ್ರೀನಿವಾಸಪುರ

ಚಿಂತಾಮಣಿಯವರ ಬರಹವನ್ನು ಓದಿ ಸ್ವಲ್ಪ ಹೊತ್ತು ಸುಮ್ಮನಿದ್ದೆ. ಎಲ್ಲಿ ಕಲಿತೆ ಎಂದು ನಾನೂ ಮಕ್ಕಳನ್ನು ಕೇಳಿದ್ದುಂಟು; ಆ ಪ್ರಶ್ನೆ ಕೆಲವರಿಗೆ ಎಷ್ಟು ಭಾರವಾಗಿರಬಹುದೆಂದು ಆಗ ಹೊಳೆದಿರಲಿಲ್ಲ.

ತಿಪಟೂರಿನವರ ಎಚ್ಚರಿಕೆ ನ್ಯಾಯವಾದದ್ದು. ನಾವು ಯಾರಿಗೂ ಇಯರ್ ಪ್ಲಗ್ ಕೊಟ್ಟವರಲ್ಲ.

ಮುಂದೆ ಉದ್ಯೋಗವಾಗುತ್ತದೆಯೇ ಎಂದು ಯಜಮಾನರು ಕೇಳಿದರೆ ಹೇಳಲು ಒಂದು ಮಾಹಿತಿ: ಪೊಲೀಸ್ ಮತ್ತು ಸೇನೆಯ ಬ್ಯಾಂಡುಗಳಲ್ಲಿ ವಾದಕರಿಗೆ ಕೆಲಸವಿದೆ. ನಮ್ಮ ಕೊಡಗಿನವರಾದ ಜನರಲ್ ಕಾರ್ಯಪ್ಪನವರು ಸೇನೆಯ ಮುಖ್ಯಸ್ಥರಾಗಿದ್ದಾಗ, 1950ರಲ್ಲಿ, ಸೈನಿಕ ಸಂಗೀತ ಕಲಿಸುವುದಕ್ಕೆಂದೇ ಒಂದು ವಿಭಾಗ ಆರಂಭವಾಯಿತು. ಅದು ಮಧ್ಯಪ್ರದೇಶದ ಪಚ್ಮಢಿಯಲ್ಲಿದೆ. ಆದರೆ ಈ ಆಸೆ ತೋರಿಸಿ ಮಗುವನ್ನು ಸೇರಿಸುವುದು ಬೇಡ.

ಬಟವಾಡಿಯ ತಾಯಿ, ತುಮಕೂರು

ಉತ್ತರಿಸಿದ ಎಲ್ಲರಿಗೂ ಕೃತಜ್ಞಳಾಗಿದ್ದೇನೆ. ಇಯರ್ ಪ್ಲಗ್ ತಂದಿದ್ದೇವೆ. ಸ್ವಾಗತ ಕಾರ್ಯಕ್ರಮಗಳ ವಿಷಯವಾಗಿ ಶಾಲೆಗೆ ಹೋಗಿ ಮಾತಾಡಿದ್ದೇನೆ. ಅವರಿಗೆ ಅದು ಅಷ್ಟು ಹಿಡಿಸಿದಂತೆ ಕಾಣಲಿಲ್ಲ. ಚಿಂತಾಮಣಿಯವರ ಬರಹವನ್ನು ಅತ್ತೆಯವರಿಗೆ ಓದಿ ಹೇಳಿದೆ. ಅವರು ಏನೂ ಅನ್ನಲಿಲ್ಲ. ಮರುದಿನ ಬೆಳಿಗ್ಗೆ ಮಣೆಯ ಮೇಲಿನ ಟ್ಯೂಬು ಸಡಿಲವಾಗಿದ್ದದ್ದನ್ನು ಬಿಗಿದು ಕಟ್ಟಿದವರು ಅವರೇ.

ಮೇಷ್ಟ್ರ 170 ಮೀಟರಿನ ಲೆಕ್ಕವನ್ನು ಯಜಮಾನರು ಒಪ್ಪಲಿಲ್ಲ. ಪರೀಕ್ಷಿಸದೆ ಒಪ್ಪುವುದಿಲ್ಲವೆಂದು ಕಳೆದ ಭಾನುವಾರ ಬೆಳಿಗ್ಗೆ ಅಳತೆಯ ಟೇಪು, ಖಾಲಿ ಎಣ್ಣೆ ಡಬ್ಬ ಮತ್ತು ಮಗಳನ್ನು ಕರೆದುಕೊಂಡು ಊರಾಚೆಯ ಬಯಲಿಗೆ ಹೋದರು, ನಾನೂ ಹೋದೆ. ಮೊಬೈಲಿನಲ್ಲಿ ನಿಮಿಷಕ್ಕೆ 120ರ ತಾಳ ಹಾಕಿಕೊಂಡು ಮಗಳು ಒಂದೇ ಸಮನೆ ಡಬ್ಬ ಬಾರಿಸುತ್ತಾ ನಿಂತಳು, ಅವರು ಅವಳನ್ನೇ ನೋಡುತ್ತಾ ಹಿಂದೆ ಹಿಂದೆ ಸರಿದರು. ಸುಮಾರು 85 ಮೀಟರ್ ದೂರದಲ್ಲಿ, ಕೋಲು ಮೇಲಕ್ಕೆದ್ದಿರುವಾಗ ಸದ್ದು ಕೇಳಿಸಿತು. ಇನ್ನೂ ಹಿಂದಕ್ಕೆ ಹೋದಂತೆ ಒಂದು ಜಾಗದಲ್ಲಿ ಏಟೂ ಸದ್ದೂ ಮತ್ತೆ ಒಂದಾಗಿ ಕಂಡವು. ಅಲ್ಲಿ ಕಲ್ಲಿಟ್ಟು ಟೇಪು ಹಿಡಿದು ಅಳೆದಾಗ 174 ಮೀಟರ್ ಬಂತು. ನಾಲ್ಕು ಮೀಟರಿನ ವ್ಯತ್ಯಾಸ ಏಕೆ ಬಂತು ಎಂದು ಅವರು ಮನೆಗೆ ಬರುವ ದಾರಿಯುದ್ದಕ್ಕೂ ಯೋಚಿಸುತ್ತಿದ್ದರು. ಬಿಸಿಲು ಏರಿದರೆ ಶಬ್ದದ ವೇಗವೂ ಏರುತ್ತದೆ ಎಂದು ಮಗಳು ಹೇಳಿದಳು, ಯಾರ ಪುಸ್ತಕದಲ್ಲಿ ಓದಿದಳೋ ತಿಳಿಯದು. ಮುಂದಿನ ವಾರ ಮಧ್ಯಾಹ್ನ ಮತ್ತೊಮ್ಮೆ ಅಳೆಯುವುದೆಂದು ತಂದೆ ಮಗಳು ಮಾತಾಡಿಕೊಂಡಿದ್ದಾರೆ.